ಎಡಗಡೆ ಸೀಟಿನ ಕೆಳಗಿನ ತೂತು

ಹುರಿದ ಕಡಲೆಕಾಯಿ ಬೀಜವೊಂದು ನನ್ನ ಕೈಯಿಂದ ಜಾರಿ ಕಾಲ ಬಳಿ ಬಿತ್ತು. ಬಗ್ಗಿ ಹುಡುಕಿದರೆ ಸಿಗಲಿಲ್ಲ. ಮ್ಯಾಟು ಸರಿಸಿ ನೋಡಿದೆ. ಬೀಜ ಹೋದ ದಾರಿಯಲ್ಲಿ ಕಪ್ಪಗೆ ಟಾರು ರಸ್ತೆ ಹಿಂದಕ್ಕೆ ಓಡುತ್ತಿತ್ತು. ಐ.ಡಿ.ಹಳ್ಳಿ ಕಡೆಯಿಂದ ನಮ್ಮ ಲಾರಿಯಲ್ಲಿ ಹುಣಸೆಹಣ್ಣು ತುಂಬಿಕೊಂಡು ಮಧುಗಿರಿಗೆ ಬರುತ್ತಿದ್ದೆವು. ಬೆಟ್ಟ ಕಾಣುವ ತಿರುವು ಇನ್ನೂ ಬಂದಿರಲಿಲ್ಲ.

"ರೀ, ಇಲ್ಲಿ ರಸ್ತೆ ಕಾಣ್ತೈತೆ" ಅಂದೆ.

"ಮುಂದೆ ನೋಡು, ಅಲ್ಲೂ ಕಾಣ್ತೈತೆ" ಅಂದರು ನಮ್ಮ ಯಜಮಾನರು, ಸ್ಟೇರಿಂಗ್ ಬಿಡದೆ.

"ನನ್ನ ಕಾಲ್ ಕೆಳಗ್ರೀ. ತಗಡು ತೂತಾಗೈತೆ."

"ಬ್ಯಾಸಗೆ ಅಲ್ವಾ, ತಣ್ಣಗೆ ಗಾಳಿ ಬತ್ತದೆ ಬುಡು."

ಇವರ ಮಾತೇ ಹೀಗೆ. ಮನೆಗೆ ಬೆಂಕಿ ಬಿದ್ದರೂ ಚಳಿಗೆ ಒಳ್ಳೆಯದಾಯಿತು ಅನ್ನುವ ಜಾತಿ. ನಾನು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಮಧುಗಿರಿ ಬರುವವರೆಗೂ ಬಾಯಿಗೆ ಬಂದದ್ದೆಲ್ಲ ಬೈದೆ.

ನಮ್ಮದು ತೋವಿನಕೆರೆ ಪಕ್ಕದ ಹಳ್ಳಿ. ಹುಣಸೆಮರಗಳನ್ನು ಗುತ್ತಿಗೆಗೆ ಹಿಡಿದು, ಹಣ್ಣು ಉದುರಿಸಿ, ಸಿಪ್ಪೆ ಬೀಜ ತೆಗೆಸಿ ಮಂಡಿಗೆ ಹಾಕುವುದು ನಮ್ಮ ಕಸುಬು. ಮರ ನೋಡಿ ಹಣ್ಣು ಹೇಗಿದೆ ಎಂದು ಹೇಳುವುದು ನನ್ನ ಪಾಲು, ಲಾರಿ ಇವರ ಪಾಲು. ಕ್ಲೀನರ್ ಕೆಲಸವೂ ನನ್ನದೇ. ಎಡಗಡೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಎಮ್ಮೆ ಐತೆ", "ಬಸ್ಸು ಐತೆ", "ಖಾಲಿ, ಹೊಡೀರಿ" ಅನ್ನುತ್ತಾ ಹೋಗುತ್ತೇನೆ. ಲಾರಿ ಹಿಂದಕ್ಕೆ ತೆಗೆಯುವಾಗ ಇಳಿದು ಎಡಕ್ಕೆ ನಿಂತು "ಬಾ, ಬಾ, ಬಾ" ಎಂದು ಕೂಗುತ್ತೇನೆ. ನಿಲ್ಲಿಸಬೇಕೆಂದರೆ ಅಂಗೈಯಲ್ಲಿ ಲಾರಿಯ ಮೈಗೆ ಎರಡು ಸಲ ತಟ್ಟಿ "ಹೋಲ್ಡಾನ್" ಅನ್ನುತ್ತೇನೆ. ಗಂಡನನ್ನು ಬಾ, ಬಾ ಅನ್ನುತ್ತಾಳಲ್ಲ ಎಂದು ಊರ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಕೊನೆಗೆ ಅವರಿಗೂ ಅಭ್ಯಾಸವಾಯಿತು.

ಈಚೆಗೆ ನಾನಿಲ್ಲದೆ ಲಾರಿ ಹೊರಡುತ್ತಲೇ ಇರಲಿಲ್ಲ. ಖಾಲಿ ಚೀಲ ತರಲು ಕೊರಟಗೆರೆಗೆ ಹೋಗಬೇಕಾದರೂ "ಬಾರೇ, ಒಬ್ನೇ ಬ್ಯಾಸರ ಆಯ್ತದೆ" ಎಂದು ಕರೆಯುತ್ತಿದ್ದರು. ವಯಸ್ಸಾದ ಮೇಲೆ ನಿನ್ನ ಗಂಡನಿಗೆ ಹೆಂಡತಿಯ ಹುಚ್ಚು ಹಿಡಿದಿದೆ ಎಂದು ಪಕ್ಕದ ಮನೆಯಾಕೆ ಛೇಡಿಸಿದಳು. ಸುಮ್ಮನಿರೇ ಎಂದು ಗದರಿದರೂ ಒಳಗೊಳಗೆ ನನಗೆ ಖುಷಿಯಾಗಿತ್ತು.

ತೂತು ನೋಡಿದ ದಿನದಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಹಿಟ್ಟಿಗೆ ಎಸರಿಟ್ಟು ಹೊರಗೆ ಬಂದು ಲಾರಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ. ಒಳಗೆ ಎಸರು ಉಕ್ಕಿ ಒಲೆ ಆರಿರುತ್ತಿತ್ತು. ಹೊಸ ಹಣ್ಣಿನ ಒಳ್ಳೆಯ ಮೂಟೆಗಳು ಹಿಂದಿನ ರಾಶಿಯಡಿ ಬಿದ್ದರೆ ಅಪ್ಪಚ್ಚಿಯಾಗುತ್ತವೆ ಎಂದು ಅವನ್ನು ಕ್ಯಾಬಿನ್ನಿನಲ್ಲಿ ನನ್ನ ಕಾಲ ಬಳಿಯೇ ಇಡುವುದು ನಮ್ಮ ರೂಢಿ. ಹುಳು ಬೀಳದಿರಲಿ ಎಂದು ಉಪ್ಪು ಬೆರೆಸಿದ ಹಣ್ಣು ಬೇರೆ. ಬಿಸಿಲಿಗೆ ರಸ ಒಸರಿ, ಮ್ಯಾಟಿನ ಅಡಿಗೆ ಇಳಿದು, ಪ್ರತಿ ಸುಗ್ಗಿಯಲ್ಲೂ ಕಬ್ಬಿಣವನ್ನು ಒಂದಿಷ್ಟು ತಿಂದಿತ್ತು. ಆಯುಧಪೂಜೆಗೆ ಅದರ ಮೇಲೆಯೇ ಬಣ್ಣ ಹೊಡೆಸಿ, ಕುಂಬಳಕಾಯಿ ಒಡೆದು ಕೈಮುಗಿಯುತ್ತಿದ್ದೆವು. ನನಗೆ ಬೇಕಾದದ್ದು ಒಂದೇ: ಈ ಮನುಷ್ಯ ರಸ್ತೆಗೆ ಹೋದ ಮೇಲೆ ಕೈಕಾಲು ನೆಟ್ಟಗೆ ಮನೆಗೆ ಬರಬೇಕು. ಅದಕ್ಕೆ ಲಾರಿ ಮಾರಿ ಬೇರೆಯದು ತರೋಣ ಎಂದು ಹಟ ಹಿಡಿದೆ. ಇವರು ತಗಡು ಹಾಕಿಸಿದರೆ ಸಾಕು ಎಂದು ಹಟ ಹಿಡಿದರು.

ತಗಡು ಬೆಸೆಯುವ ಸಿರಾದ ಟಿಂಕರ್ ಹತ್ತಿರ ಹೋದೆವು. ಅವನು ಇವರಿಗೆ ಹಳೆಯ ಸ್ನೇಹಿತ. ಸುತ್ತಿಗೆಯಲ್ಲಿ ಅಲ್ಲಿ ಇಲ್ಲಿ ತಟ್ಟಿ, ಬೀಡಿ ಹಚ್ಚಿಕೊಂಡು ಕೂತ.

"ಹೆಂಗೈತಪ್ಪಾ?" ಅಂದೆ.

"ಅಮ್ಮಾ, ಬಣ್ಣ ಪೂರಾ ಮುಚ್ಬುಟ್ಟೈತೆ. ಒಳಗೆ ಜಂಗು ತುಕ್ಕು ಎಷ್ಟೈತೆ, ಒಳ್ಳೆ ಕಬ್ಣ ಎಷ್ಟೈತೆ ಹೆಂಗ್ ಹೇಳ್ಲಿ? ಕೆರ್ದು ಕ್ಲೀನ್ ಮಾಡ್ಕಂಡು ಬನ್ನಿ. ಆಮೇಲೆ ನೋಡಾಣ."

ವಾಪಸು ಬರುವಾಗ ಇವರು ಶಿಳ್ಳೆ ಹಾಕುತ್ತಿದ್ದರು. ಬರೀ ಮೇಲೆ ಮೇಲೆ ಇರುವ ತುಕ್ಕು ಕಣೆ ಅಂದರು. ನಾನು ತೂತಿನ ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಕಾಲಿಟ್ಟಿದ್ದೆ. ಬ್ರೇಕು ಇವರ ಕಾಲ ಕೆಳಗಿದ್ದರೂ ದಾರಿಯುದ್ದಕ್ಕೂ ನಾನೂ ಒತ್ತುತ್ತಲೇ ಬಂದೆ.

ಮಾರನೆಯ ದಿನ ಮರ ನೋಡಿಕೊಂಡು ಮನೆಗೆ ಬಂದರೆ ಇವರು ಲಾರಿಯ ಕ್ಯಾಬಿನ್ನಿನಲ್ಲಿ ಮಂಡಿಯೂರಿ ಕೂತು ಏನನ್ನೋ ಉಜ್ಜುತ್ತಿದ್ದರು. ಪಕ್ಕದಲ್ಲಿ ಬಕೀಟು, ಬಕೀಟಿನ ತುಂಬ ಕಿವುಚಿದ ಹುಣಸೆಹಣ್ಣು, ಒಂದು ಪೊಟ್ಟಣ ಕಲ್ಲುಪ್ಪು, ಕೈಯಲ್ಲಿ ತೆಂಗಿನ ನಾರು. ಬಣ್ಣವನ್ನೆಲ್ಲ ಕೆರೆದು ಹಾಕಿದ್ದರು. ಮದುವೆಯಾದಾಗಿನಿಂದ ಒಂದು ಲೋಟ ಬೆಳಗದ ಮನುಷ್ಯ. ದೀಪಾವಳಿಗೆ ದೇವರ ಸಾಮಾನು ಉಜ್ಜಿ ನನ್ನ ಕೈ ಸೀಳಿದಾಗ "ಇಷ್ಟ್ಯಾಕ್ ಉಜ್ತೀಯ" ಎಂದಿದ್ದವರು.

"ಏನ್ ಮಾಡ್ತಿದೀರ?"

"ತುಕ್ಕು ತೆಗಿತಿದೀನಿ. ನೀನು ತಾಮ್ರದ ಹಂಡೆ ಬೆಳಗಲ್ವಾ, ಅಂಗೆ."

ನಿಜ ಹೇಳುತ್ತೇನೆ, ಆ ಬೆವರು, ಆ ಮಂಡಿ, ಆ ನಾರು ನೋಡಿ ನನಗೆ ಕರುಳು ಚುರುಕ್ ಅಂದಿತು. ಹೊಸ ಹಣ್ಣು ಹಾಳು ಮಾಡಿದರಲ್ಲ ಎಂಬ ಸಿಟ್ಟೂ ಬಂತು. ಬೈಯುತ್ತಾ ಬೈಯುತ್ತಾ ನಾನೂ ಸೀರೆ ಎತ್ತಿಕಟ್ಟಿ ಹತ್ತಿದೆ. ಹೀಗಲ್ಲ, ಸುತ್ತಿಸಿ ಉಜ್ಜಬೇಕು ಎಂದು ತೋರಿಸಿಕೊಟ್ಟೆ. ಸಂಜೆಯ ಹೊತ್ತಿಗೆ ತಗಡು ಬೆಳ್ಳಗೆ ಬಂತು. ಮುಖ ಕಾಣುತ್ತದೇನೋ ಎಂದು ಇವರು ಬಗ್ಗಿ ಮೀಸೆ ತೀಡಿಕೊಂಡರು. ಬಿಡದ ಕಲೆ ಇರುವ ಪಾತ್ರೆಗೆ ನಾವು ಹುಣಸೆಹಣ್ಣು ಬಳಿದು ರಾತ್ರಿ ಬಿಡುವುದುಂಟು. ಇದಕ್ಕೂ ಹಾಗೇ ದಪ್ಪಗೆ ಬಳಿದು, ಒದ್ದೆ ಗೋಣಿತಾಟು ಹೊದಿಸಿ ಬಂದೆವು. ಅವತ್ತು ಊಟಕ್ಕೆ ಕೂತಾಗ, ಲಾರಿ ಇರಲಿ ಬಿಡಿ ಎಂದು ನಾನೇ ಅಂದುಬಿಟ್ಟೆ. ಇವರು ಒಂದು ಮುದ್ದೆ ಜಾಸ್ತಿ ಉಂಡರು.

ಬೆಳಿಗ್ಗೆ ಗೋಣಿತಾಟು ತೆಗೆದರೆ ತಗಡೆಲ್ಲ ಕೆಂಪು. ಬೆಳ್ಳಗಿದ್ದ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಹತ್ತಿತ್ತು. ನೀರು ಹಾಕಿ ತೊಳೆದಾಗ ಹಳೆಯ ತುಕ್ಕು ಹೆಪ್ಪು ಹೆಪ್ಪಾಗಿ ಕಳಚಿ ನೆಲಕ್ಕೆ ಬಿತ್ತು. ಬೀಜ ಹೋಗುವಷ್ಟಿದ್ದ ತೂತಿನಲ್ಲಿ ಈಗ ನನ್ನ ಪಾದ ಇಳಿಯುತ್ತಿತ್ತು. ಇಷ್ಟು ದಿನ ನನ್ನನ್ನು ಹೊತ್ತಿದ್ದು ಬಣ್ಣ ಮತ್ತು ತುಕ್ಕು, ಅಷ್ಟೇ. ಇವರು ಲಾರಿಯ ಕೆಳಗೆ ತೂರಿ ಮೇಲೆ ನೋಡಿದರು, ನಾನು ಮೇಲಿನಿಂದ ಕೆಳಗೆ ನೋಡಿದೆ. ಆ ತೂತಿನಲ್ಲಿ ಇಬ್ಬರ ಮುಖವೂ ಕಂಡಿತು. ನನಗೆ ನಗು ಬಂತು, ಇವರಿಗೆ ಬರಲಿಲ್ಲ.

ಟಿಂಕರ್ ಈ ಸಲ ಸುತ್ತಿಗೆ ಮುಟ್ಟಲಿಲ್ಲ. "ಭಾಯ್, ಹುಣಸೆಹಣ್ಣು ತಿಂದ ಕಬ್ಣಕ್ಕೆ ಹುಣಸೆಹಣ್ಣೇ ಹಾಕ್ಬುಟ್ರಲ್ಲ" ಎಂದು ತಲೆ ಚಚ್ಚಿಕೊಂಡ. ಆಮೇಲೆ ಕೆಳಗೆ ಮಲಗಿ ನೋಡಿ ಬಂದು, "ಹೊಸ ತಗಡು ಹಾಕ್ಬೋದು. ಅದನ್ನ ಬೆಸೆಯಾಕೆ ಹಳೇದ್ರಲ್ಲಿ ಏನಾರ ಉಳ್ದಿರ್ಬೇಕಲ್ಲ. ಅಡಿ ಪಟ್ಟಿನೂ ಹೋಗೈತೆ, ಸೀಟ್ ನಿಂತಿರೋ ಜಾಗನೂ ಹೋಗೈತೆ. ಬ್ಯಾರೆ ಗಾಡಿ ನೋಡ್ಕಳಿ" ಅಂದ. ಇವರು ಅಂಗಡಿಯ ಮುಂದಿನ ರಸ್ತೆಯನ್ನು ನೋಡುತ್ತಾ ನಿಂತರು. ತರಿಸಿಕೊಟ್ಟ ಟೀ ಆರಿಹೋಯಿತು, ಕುಡಿಯಲಿಲ್ಲ.

ಪಾವಗಡದಲ್ಲಿ ಒಳ್ಳೆಯದೊಂದು ಸೆಕೆಂಡ್ ಹ್ಯಾಂಡ್ ಲಾರಿ ಇದೆ ಎಂದು ಗೊತ್ತಾಯಿತು. ಬಸ್ಸಿನಲ್ಲಿ ಹೋದೆವು. ಗೆದ್ದವಳು ನಾನು, ಆದರೂ ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಇವರು ದಾರಿಯುದ್ದಕ್ಕೂ ಟಿಕೆಟ್ಟನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಹಳೆಯ ಲಾರಿಯ ಚಿಂತೆ ಎಂದುಕೊಂಡೆ.

ಲಾರಿ ಚೆನ್ನಾಗಿತ್ತು. ನಾನು ಮೊದಲು ಎಡಗಡೆ ಬಾಗಿಲು ತೆಗೆದು ಮ್ಯಾಟು ಸರಿಸಿ ಕಾಲಲ್ಲಿ ಒದ್ದು ನೋಡಿದೆ. ಗಟ್ಟಿಯಾಗಿತ್ತು. ಮಾಲೀಕ ಇವರ ಕೈಗೆ ಕೀ ಕೊಟ್ಟು, "ಬಂಡಿ ಬಾಗುಂದಿ ಅನ್ನಾ, ಒಳ್ಳೆ ಗಾಡಿ. ಒಂದ್ ರೌಂಡ್ ಹೊಡ್ಕಂಡ್ ಬರೋಣ ನಡೀರಿ" ಎಂದು ತಾನೇ ಎಡಗಡೆ ಹತ್ತಿದ.

"ಇವ್ಳು ಕೂತ್ಕಳ್ಳಿ" ಅಂದರು ಇವರು.

"ಅಕ್ಕಯ್ಯ ನೆಳ್ಳಾಗಿರ್ಲಿ ಬುಡಿ."

ನನಗೂ ಸಾಕಾಗಿತ್ತು, ಬೇವಿನಮರದ ಕೆಳಗೆ ನಿಂತೆ. ಇವರು ಕೀ ತಿರುಗಿಸಿ, ಕಿಟಕಿಯಿಂದ ಒಂದು ಸಲ ನನ್ನ ಕಡೆ ನೋಡಿದರು. ಆ ನೋಟ ಏನೆಂದು ಆಗ ತಿಳಿಯಲಿಲ್ಲ. ಲಾರಿ ಅಂಗಳದ ಗೇಟಿನತ್ತ ಮೆಲ್ಲಗೆ ಹೊರಟಿತು. ಎಡಗಡೆ ಕಲ್ಲುಕಂಬ ಎದ್ದು ಕಾಣುವಂತೆ ನಿಂತಿತ್ತು, ಬೆಳ್ಳಗೆ ಸುಣ್ಣ ಬಳಿದಿದ್ದರು. ಇವರು ನೇರವಾಗಿ ಅದಕ್ಕೆ ಹೋದರು. ಮಾಲೀಕ ಕೂಗುವಷ್ಟರಲ್ಲಿ ಬಾಡಿ ಕಂಬಕ್ಕೆ ಉಜ್ಜಿಕೊಂಡು ಕಿರ್ರೆಂದಿತು.

ಹೊಸ ಗಾಡಿ, ಅಂದಾಜು ಸಿಗಲಿಲ್ಲ ಎಂದು ನಾನೇ ಮುಂದೆ ಬಿದ್ದು ಮಾಲೀಕನಿಗೆ ಸಮಾಧಾನ ಹೇಳಿದೆ. ಪುಣ್ಯಾತ್ಮ, ಬಣ್ಣ ಹೋಗಿದೆ ಅಷ್ಟೇ ಅಂದ. ಇವರು ಇಳಿದು ಬಂದು ನನ್ನ ಪಕ್ಕ ನಿಂತರು.

"ಕಂಬ ಕಾಣ್ಲಿಲ್ವಾ?" ಅಂದೆ.

"ಇಲ್ಲ ಕಣೆ."

"ಅಷ್ಟ್ ದೊಡ್ ಕಂಬ."

"ಎಡಗಣ್ಣು ಹೋಗೈತೆ ಕಣೆ. ಮೊದ್ಲು ಮಂಜಾಯ್ತು. ಈಗ ಅದೂ ಇಲ್ಲ. ನೀನು ಹೇಳ್ತಿದ್ಯಲ್ಲ, ಬಸ್ಸು ಐತೆ, ಎಮ್ಮೆ ಐತೆ ಅಂತ, ಅದ್ರಲ್ಲೇ ಓಡಿಸ್ತಿದ್ದೆ. ಆ ಗಾಡಿ ಆದ್ರೆ ಮೈಗೆ ಗೊತ್ತು. ಇದು ಗೊತ್ತಿಲ್ಲ."

ಒಬ್ಬನೇ ಬೇಸರ ಎಂದು ಕರೆಯುತ್ತಿದ್ದದ್ದು ಯಾಕೆ, ತಗಡು ಹಾಕಿಸಿದರೆ ಸಾಕು ಎಂದು ಹಟ ಹಿಡಿದದ್ದು ಯಾಕೆ, ಎಲ್ಲ ಒಟ್ಟಿಗೆ ತಲೆಗೆ ಹತ್ತಿತು. ನನಗೆ ಅಳು ಬರಲಿಲ್ಲ, ಕೋಪ ಬಂತು. ರಸ್ತೆಯಲ್ಲಿ ಎಷ್ಟು ಜನರ ಮಕ್ಕಳು ಓಡಾಡುತ್ತಾರೆ, ನಿಮಗೆ ಬುದ್ಧಿ ಇದೆಯಾ ಎಂದು ಮಾಲೀಕನ ಎದುರಿಗೇ ಬೈದೆ. ಇವರು ಶಾಲೆಯ ಮಗುವಿನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಬಸ್ಸಿನಲ್ಲಿ ನಾನು ಅವರ ಎಡಕ್ಕೇ ಕೂತೆ. ಹೆಂಡತಿಯ ಹುಚ್ಚು ಎಂದು ನಂಬಿ ಖುಷಿಪಟ್ಟಿದ್ದೆನಲ್ಲ, ಅದೂ ನೆನಪಾಯಿತು.

ಮಧುಗಿರಿಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು. ಒಳಗೆ ಒತ್ತಡ ಹೆಚ್ಚಿ ನರ ಒಣಗಿದೆ ಅಂದರು.

"ರಿಪೇರಿ ಆಗಲ್ವಾ ಸಾರ್?" ಎಂದು ಕೇಳಿದರು ಇವರು.

"ಆಗಲ್ಲ."

"ಬ್ಯಾರೆ ಹಾಕಕ್ಕೂ ಬರಲ್ವಾ?"

"ಪೊರೆ ಆಗಿದ್ರೆ ಬೇರೆ ಲೆನ್ಸ್ ಹಾಕಬಹುದಿತ್ತು. ಇದಕ್ಕೆ ಬರಲ್ಲ. ಬಲಗಣ್ಣು ಉಳಿಸ್ಕೊಳ್ಳೋಣ, ದಿನಾ ಔಷಧಿ ಬಿಡಬೇಕು. ಲಾರಿ ಇನ್ನು ಬೇಡ."

ಇವರು ಆಯಿತು ಎಂದು ತಲೆಯಾಡಿಸಿದರು. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಎಡಗಾಲಿನದು ಅಲ್ಲೇ ಇದ್ದರೂ ಕಾಣಲಿಲ್ಲ. ನಾನು ಕಾಲಲ್ಲಿ ತಳ್ಳಿ ಮುಂದಿಟ್ಟೆ.

ತಗಡೂ ಹಾಕಿಸಲಿಲ್ಲ, ಹೊಸ ಲಾರಿಯೂ ಬರಲಿಲ್ಲ. ಹಣ್ಣು ಸಾಗಿಸಲು ಬಾಡಿಗೆ ಗಾಡಿ ಗೊತ್ತು ಮಾಡಿದೆವು. ಹಳೆಯದನ್ನು ಸಿರಾದ ಟಿಂಕರೇ ಬಿಡಿಭಾಗಗಳಿಗೆಂದು ಕೊಂಡ. ಓಡಿಸಿಕೊಂಡು ಹೋಗಲು ತಾನೇ ಬಂದ. ಇವರು ಕೀ ಕೊಡಲಿಲ್ಲ.

"ರಸ್ತೆವರ್ಗೂ ನಾನೇ ತೆಗಿತೀನಿ" ಅಂದರು.

ನಮ್ಮ ಅಂಗಳದಿಂದ ರಸ್ತೆಗೆ ಲಾರಿಯನ್ನು ಹಿಂದಕ್ಕೇ ತೆಗೆಯಬೇಕು. ಬೇಡ ಅನ್ನಲು ಹೊರಟವಳು ಇವರ ಮುಖ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಎಡಕ್ಕೆ ಹೋಗಿ ನಿಂತೆ. ಟಿಂಕರ್ ರಸ್ತೆಯಲ್ಲಿ ನಿಂತು ಬಸ್ಸು, ಬೈಕು ತಡೆದ. ಎಂಜಿನ್ ಶುರುವಾಯಿತು.

"ಬಾ" ಅಂದೆ. "ಬಾ, ಬಾ, ಬಾ."

ಇವರು ಕನ್ನಡಿ ನೋಡಲಿಲ್ಲ, ತಿರುಗಿಯೂ ನೋಡಲಿಲ್ಲ. ನನ್ನ ದನಿ ಹಿಡಿದುಕೊಂಡೇ ಬಂದರು. ಹುಣಸೆ ಒಣಗಿಸುವ ಕಣ ದಾಟಿತು, ತೊಟ್ಟಿ ದಾಟಿತು, ಎಡಗಡೆಯ ಕಲ್ಲು ಚಪ್ಪಡಿಗೆ ಒಂದು ಗೇಣು ಬಿಟ್ಟು ನಾಜೂಕಾಗಿ ದಾಟಿತು. ಹಿಂದಿನ ಚಕ್ರ ಟಾರು ಹತ್ತಿತು. ಇನ್ನು ಹೋಲ್ಡಾನ್ ಅನ್ನಬೇಕು. ಬಾಯಿ ತೆರೆದೆ, ದನಿ ಬರಲಿಲ್ಲ. ಲಾರಿ ಬರುತ್ತಲೇ ಇತ್ತು.

"ಹೇಳೇ, ಇನ್ನೂ ಎಷ್ಟ್ ಬರ್ಲಿ?" ಎಂದು ಒಳಗಿನಿಂದ ಕೇಳಿದರು.

ಅಂಗೈಯಲ್ಲಿ ಲಾರಿಯ ಮೈಗೆ ಎರಡು ಸಲ ತಟ್ಟಿದೆ. ಕೈ ತುಂಬ ತುಕ್ಕು ಹತ್ತಿತು. ಇವರು ಎಂಜಿನ್ ನಿಲ್ಲಿಸಿದರು.