ಚಾಚಿ ಆರಿಸಿದ ಸ್ವಿಚ್ಚು

ಮೊನ್ನೆ ಪಕ್ಕದ ಮನೆಯ ಕಿಟಕಿಯಿಂದ ಬಿಸಿ ಅರಗಿನ ವಾಸನೆ ಬಂತು. ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಏಳುವ ವಾಸನೆ. ಚನ್ನಪಟ್ಟಣದಲ್ಲಿ ಹುಟ್ಟಿದವಳಿಗೆ ಅದೇನು ಹೊಸದಲ್ಲ. ಆದರೆ ಅಲ್ಲಿದ್ದ ಚಾಚಿ ಹೋದ ಮೇಲೆ ಆ ಮನೆಯ ಲೇತ್ ನಿಂತೇ ಹೋಗಿತ್ತು...

ಗೊಂಬೆ ಕಡೆಯುವುದರಲ್ಲಿ ನಮ್ಮ ಚಾಚಿಯದು ಎತ್ತಿದ ಕೈ. ಬಾಯಿಯಂತೂ ಅದಕ್ಕಿಂತ ಜೋರು. ಪ್ರತಿ ಗೊಂಬೆಯನ್ನೂ ಒದ್ದೆ ಬಟ್ಟೆಯಲ್ಲಿ ಗಸಗಸ ಉಜ್ಜಿ, ಬಣ್ಣ ಬಿಡಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹೊರಗೆ ಬಿಡುತ್ತಿದ್ದರು.

ಅವರ ಮಾವನ ಕಾಲದ ಮಾದರಿ ಗೊಂಬೆಗಳ ಪೆಟ್ಟಿಗೆಗೆ ಒಮ್ಮೆ ಹುಳ ಬಿತ್ತು. ನನ್ನದು ಫೋಟೊ ಅಂಗಡಿ. ಉಳಿದ ಗೊಂಬೆಗಳ ಚಿತ್ರ, ಅಳತೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಟ್ಟೆ. ಗಾಲಿಯ ಕುದುರೆಯಂತೂ ಚಿತ್ರ ತೆಗೆದ ಕೆಲವೇ ದಿನಗಳಲ್ಲಿ ಪುಡಿಯಾಯಿತು. ಆಮೇಲೆ ಅದು ಉಳಿದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ.

"ಬರ್ಕೊತಾ ಇರುವಾಗ್ಲೇ ಕರೆಂಟ್ ಹೋದ್ರೆ?" ಎಂದು ಚಾಚಿ ಕೇಳಿದರು.

ನಾನು ಜಂಬದಿಂದಲೇ ವಿವರಿಸಿದೆ. ಕಂಪ್ಯೂಟರಿನಲ್ಲಿ ಫೈಲುಗಳನ್ನು ಜೋಡಿಸಿಡುವ ಈ ಫೈಲ್ ಸಿಸ್ಟಮ್ ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಅದು ಪೂರ್ತಿಯಾದ ಮೇಲಷ್ಟೇ, ಫೈಲು ಎಲ್ಲಿದೆ ಎಂದು ತೋರಿಸುವ ವಿಳಾಸವನ್ನು ಹೊಸದರ ಕಡೆ ತಿರುಗಿಸುತ್ತದೆ. ಚಾಚಿ ತಲೆಯಾಡಿಸಿದರು. ಮರುದಿನ ನಾನು ಕುದುರೆಯ ಅಳತೆ ತಿದ್ದಿ ಸೇವ್ ಒತ್ತಿದ್ದೇ ತಡ, ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು!

ನನ್ನ ಜೀವ ಬಾಯಿಗೆ ಬಂತು. "ಏನ್ ಮಾಡ್‌ಬುಟ್ರಿ ಚಾಚಿ!"

"ಒಸಿ ಉಜ್ಜಿ ನೋಡ್ದೆ ಬೇಟಾ. ಈಗ ಹಾಕು."

ಸ್ವಿಚ್ಚು ಹಾಕಿ ಫೈಲು ತೆರೆದೆ. ಹಿಂದಿನ ದಿನದ ಕುದುರೆ, ಕಿವಿಯಿಂದ ಗಾಲಿಯವರೆಗೆ ಇಡಿಯಾಗಿ ನಿಂತಿತ್ತು. ಅರ್ಧ ಬರೆದ ಹೊಸದರ ಸುಳಿವೇ ಇರಲಿಲ್ಲ. ಚಾಚಿ ಬಾಗಿಲಿಗೆ ಓಡಿ ಬೀದಿಯನ್ನೆಲ್ಲ ಕೂಗಿದರು: "ಬನ್ರೋ, ನೋಡ್ರೋ! ಇದೂ ನಮ್ಮಂಗೇ ಐತೆ! ಹೊಸ್ದು ಎದ್ದು ನಿಲ್ಲೋಗಂಟ ಹಳೇದ್ನ ಒಲೆಗೆ ಹಾಕಾಕಿಲ್ಲ!" ಅವರ ಮನೆಯ ಪದ್ಧತಿಯೇ ಅದು. ಸವೆದ ಮಾದರಿಯ ಪಕ್ಕ ಹೊಸದನ್ನು ನಿಲ್ಲಿಸಿ, ಒಪ್ಪಿಗೆಯಾದ ಮೇಲೆ ಹಳೆಯದು ಒಲೆಗೆ. ಅವತ್ತು ಬೀದಿಗೆಲ್ಲ ಚಾಚಿಯದೇ ಚಹಾ.

ಹೋದ ವರ್ಷ ಚಾಚಿ ತೀರಿಕೊಂಡರು... ನನ್ನ ಕಂಪ್ಯೂಟರು ಪ್ರತಿ ಫೈಲನ್ನೂ ಎರಡು ಡಿಸ್ಕುಗಳಲ್ಲಿ ಇಡುತ್ತದೆ; ಈಚೆಗೆ ಅವುಗಳಲ್ಲಿ ಒಂದು ಕೆಡತೊಡಗಿತು. ಫೈಲಿನ ಪ್ರತಿ ತುಂಡಿಗೂ, ಅದು ಕೆಟ್ಟಿದೆಯೇ ಎಂದು ಪರೀಕ್ಷಿಸಲು, ಒಂದು ತಾಳೆ ಸಂಖ್ಯೆ ಇರುತ್ತದೆ. ಕುದುರೆಯ ಒಂದು ತುಂಡು ತಾಳೆಯಾಗದಿದ್ದಾಗ, ಸಿಸ್ಟಮ್ ಇನ್ನೊಂದು ಡಿಸ್ಕಿನಿಂದ ಸರಿಯಾದದ್ದನ್ನು ತಂದು ತಾನೇ ರಿಪೇರಿ ಮಾಡಿಕೊಂಡಿತ್ತು. ನನಗೆ ಗೊತ್ತಾದದ್ದು ಆಮೇಲೆ, ಪರದೆಯ ಮೇಲಿನ ಸೂಚನೆ ನೋಡಿದಾಗ. ಗಾಬರಿಯಾಗಿ ಆ ಅಳತೆಯನ್ನು ಪ್ರಿಂಟ್ ತೆಗೆದು ಚಾಚಿಯ ಸೊಸೆಗೆ ಕೊಟ್ಟಿದ್ದೆ. ಮೊನ್ನೆಯ ವಾಸನೆ, ಅವಳು ಆ ಅಳತೆಯಲ್ಲಿ ಕುದುರೆ ಕಡೆದು ಅರಗು ಒತ್ತಿದ್ದರದೇ.

ಅವತ್ತೇ ಸಂಜೆ ಅವಳು ಕೆಂಪು ಕುದುರೆ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ.

"ಅಕ್ಕಾ, ನೀವೇ ಉಜ್ಜಿ."

ಶಕ್ತಿಯೆಲ್ಲ ಹಾಕಿ ಉಜ್ಜಿದೆ. ಬಟ್ಟೆ ಬೆಳ್ಳಗೇ ಇತ್ತು. ಖುಷಿಗೆ ಕಣ್ಣು ತುಂಬಿತು. ಬೀದಿಯನ್ನೆಲ್ಲ ಕೂಗಿ ಕರೆಯಬೇಕಾದವರು ಮಾತ್ರ ಇರಲಿಲ್ಲ.

ನಾನೇ ಬಾಗಿಲಿಗೆ ಹೋಗಿ ಕೂಗಿದೆ.