ಖಾಲಿ ಬಿಟ್ಟ ಎರಡು ಪುಟ

ನೀಲವ್ವಾ, ಅವತ್ತು ಗ್ರಾಮಸಭೆ ನಿನ್ನ ಮಾತನ್ನು ಒಪ್ಪಿತ್ತು. ಒಪ್ಪಿದ್ದು ಕಂಪನಿಯ ಮಾತನ್ನು ಎಂದು ಪುಸ್ತಕದಲ್ಲಿ ಬರೆದವನು ನಾನು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಹಾಡುಹಗಲೇ, ಪಂಚಾಯ್ತಿ ಕಾರ್ಯದರ್ಶಿಯ ಖುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ನನ್ನ ದುಂಡು ಅಕ್ಷರದಲ್ಲಿ ಬರೆದೆ. ಆ ಬರಹದ ಕೆಳಗೆ ನಿನ್ನ ಸಹಿ ಇದೆ — ನಾನೇ ಕಲಿಸಿದ ಸಹಿ.

ಎಂಟು ವರ್ಷ ಆಯಿತು. ಇದನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೀನೇ ಓದಬೇಕು ಎಂದು. ನಿಧಾನ ಆದೀತು, ಆಗಲಿ. ಬೇರೆಯವರ ಕೈಯಲ್ಲಿ ಓದಿಸಿಕೊಳ್ಳಬೇಡ. ನಾನು ಬರೆದದ್ದನ್ನು ಓದದೆ ನಂಬಿ ಒಮ್ಮೆ ಕೆಟ್ಟಿದ್ದೀಯ, ಅಷ್ಟು ಸಾಕು. ನಿನಗೆ ಗೊತ್ತಿರುವುದನ್ನೂ ಇದರಲ್ಲಿ ಮತ್ತೆ ಹೇಳಿದ್ದೇನೆ. ಯಾಕೆಂದರೆ ಸೋಮವಾರದ ಸಭೆಯಲ್ಲಿ ಇದನ್ನೇ ನಿಂತು ಓದುವವನಿದ್ದೇನೆ, ಅಲ್ಲಿ ಗೊತ್ತಿಲ್ಲದವರೂ ಇರುತ್ತಾರೆ.

ಆಲಮಟ್ಟಿಯ ಹಿನ್ನೀರಿಗೆ ನಿಮ್ಮ ಹಳೆಯ ಊರು ಹೋದಾಗ ನಿಮ್ಮನ್ನೆಲ್ಲ ತಂದು ಈ ಪುನರ್ವಸತಿ ಕೇಂದ್ರದಲ್ಲಿ ಇಳಿಸಿದರು. ಪಟ್ಟಿ ಹಿಡಿದು ಗೆರೆ ಎಳೆದು ಮಾಡಿದ ಊರು ಇದು. ಅಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದವರಿಗೆ ಇಲ್ಲಿ ಒಬ್ಬರಿಗೆ ಆ ತುದಿಯ ನಂಬರು, ಒಬ್ಬರಿಗೆ ಈ ತುದಿಯ ನಂಬರು. ಆ ನಕ್ಷೆಯಲ್ಲಿ ಒಂದೇ ಒಂದು ಒಳ್ಳೆಯ ಕೆಲಸ ಆಗಿತ್ತು. ಊರಿನ ಪೂರ್ವಕ್ಕೆ, ರಾಶಿ ಮಾಡಲಿಕ್ಕೆ ಎಲ್ಲರಿಗೂ ಸೇರಿದ ಕಣಕ್ಕೆಂದು ಜಾಗ ಬಿಟ್ಟಿದ್ದರು. ಸುಗ್ಗಿಯಲ್ಲಿ ಅಲ್ಲಿ ಜೋಳ, ಕಡಲೆ, ತೊಗರಿಯ ರಾಶಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಮದುವೆಯ ಹಂದರ ಏಳುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಹುಲ್ಲು ಬೆಳೆದು, ಯಾರಿಗೂ ಬೇಡವಾದ ಬಯಲಿನ ಹಾಗೆ ಕಾಣುತ್ತಿತ್ತು.

ಕಂಪನಿಯವರು ಬಂದದ್ದು ಮಳೆಗಾಲದಲ್ಲಿ. ಬೂಟಿಗೆ ಹತ್ತಿದ ಎರೆಮಣ್ಣನ್ನು ಕಟ್ಟೆಗೆ ತಿಕ್ಕುತ್ತ ‘ಇದು ಏನು ಜಾಗ?’ ಎಂದು ಕೇಳಿದರು. ‘ಖಾಲಿ ಜಾಗಾರಿ’ ಅಂದೆ. ಕಣ ಅನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ — ಬಂದದ್ದನ್ನು ನುಂಗಿದೆ. ತಪ್ಪು ಶುರುವಾದದ್ದು ಅಲ್ಲಿಂದ, ಪುಸ್ತಕದಿಂದ ಅಲ್ಲ.

ಅವರು ಕಟ್ಟಬೇಕೆಂದಿದ್ದದ್ದು ಡೇಟಾ ಸೆಂಟರ್. ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟು, ಯಾವ ಯಾವುದೋ ದೇಶದ ಬ್ಯಾಂಕಿನ, ಆಸ್ಪತ್ರೆಯ, ವಿಮಾನದ ಮಾಹಿತಿಯನ್ನೆಲ್ಲ ಕೂಡಿಡುವ ದೊಡ್ಡ ಕಟ್ಟಡ. ಯಂತ್ರಗಳು ಹಗಲೂ ರಾತ್ರಿ ಓಡಿ ಕಾಯುತ್ತವಂತೆ. ತಂಪು ಮಾಡಲು ನೀರು ಬೇಕು, ಎಡೆಬಿಡದ ಕರೆಂಟು ಬೇಕು. ಡ್ಯಾಮು ಹತ್ತಿರ ಇದ್ದದ್ದಕ್ಕೆ ನಮ್ಮ ಊರು ಅವರ ಕಣ್ಣಿಗೆ ಬಿದ್ದಿತ್ತು. ನಮ್ಮ ಪಂಚಾಯ್ತಿಯಲ್ಲಿ ಆಗ ಒಂದು ಕಂಪ್ಯೂಟರ್ ಕೂಡ ಇರಲಿಲ್ಲ.

ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ಸಭೆ. ಬಣ್ಣದ ನಕ್ಷೆ ಹರವಿದ್ದರು. ಮಂದಿ ಕೇಳಿದ ಪ್ರಶ್ನೆಗಳಿಗೆ ಆ ಕಂಪನಿಯ ಹುಡುಗರು ಬೆವೆತು ಹೋದರು. ಹಳೆಯ ಊರಿನಲ್ಲಿ ತೋಟದ ಬಾವಿ ಕಳೆದುಕೊಂಡ ನಿಂಗಪ್ಪಜ್ಜ ಎದ್ದು, ‘ಯಂತ್ರಕ್ಕೂ ನೀರಡಿಕಿ ಆಗ್ತೈತೇನ್ರಿ? ನಮ್ಮೂರ ಮುಣುಗಿಸಿದ ನೀರು ನಮ್ಮ ಹೊಲಕ್ಕ ಇನ್ನಾ ಬಂದಿಲ್ಲ, ಅವಕ್ಕ ಮೊದಲ ಕುಡಸ್ತೀರೇನು?’ ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಲವರಿಗೆ ಆಸೆಯೂ ಇತ್ತು, ಅದನ್ನೂ ಹೇಳಬೇಕು. ರಸ್ತೆ ಆಗುತ್ತದೆ, ನಿಡಗುಂದಿಯ ಹಾಗೆ ಇಲ್ಲಿಯೂ ನಾಲ್ಕು ಹೋಟೆಲ್ಲು ಏಳುತ್ತವೆ, ಲೈಟು ಹೋಗುವುದಿಲ್ಲ — ಇಂಥ ಆಸೆ ತಪ್ಪಲ್ಲ. ಒಳಗೆ ಎಷ್ಟು ಮಂದಿಗೆ ಕೆಲಸ ಎಂದಾಗ ಮಾತ್ರ ಅವರು, ಕಾವಲಿಗೆ, ಕಸ ಹೊಡೆಯಲಿಕ್ಕೆ ಒಂದಷ್ಟು ಜನ ಅಂದರು.

ಆಮೇಲೆ ನೀನು ಎದ್ದೆ.

ಸೆರಗಿನಲ್ಲಿ ರಂಗೋಲಿ ಹಿಟ್ಟು ಕಟ್ಟಿಕೊಂಡು ಬಂದಿದ್ದೆ. ನಿಮ್ಮ ಸಂಘದ ಹೆಣ್ಣುಮಕ್ಕಳು ಎರಡು ದಿನ ಮೊದಲೇ ಹಗ್ಗ ಹಿಡಿದು ಕಣವನ್ನು ಅಳೆದದ್ದು ನನಗೆ ಗೊತ್ತಿರಲಿಲ್ಲ. ಗುಡಿಯ ಮುಂದಿನ ಹಾಸುಗಲ್ಲಿನ ಮೇಲೆ, ಅವರ ಬಣ್ಣದ ನಕ್ಷೆಯ ಪಕ್ಕದಲ್ಲೇ, ಊರನ್ನೆಲ್ಲ ಬರೆದು ತೋರಿಸಿದೆ. ಇಲ್ಲಿ ರಾಶಿ. ಇಲ್ಲಿ ದನಕ್ಕೆ ನೀರಿನ ತೊಟ್ಟಿ. ಈ ಮೂಲೆಗೆ ಅಂಗನವಾಡಿ, ಯಾಕೆಂದರೆ ಆ ತುದಿಯ ಮಕ್ಕಳು ದೊಡ್ಡ ರಸ್ತೆ ದಾಟುವುದು ತಪ್ಪುತ್ತದೆ. ಹಳ್ಳದ ಆಚೆ ಏನೂ ಬೆಳೆಯದ ಕಲ್ಲುಮಡ್ಡಿಗೆ ಒಂದು ದೊಡ್ಡ ಚೌಕ ಬರೆದು, ಅದು ಕಂಪನಿಗೆ ಅಂದೆ. ನಿನ್ನ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

‘ಒಂದ್ ಸಲ ನೀರಾಗ ಮುಣುಗಿ ಬಂದೀವ್ರಿ. ಆವಾಗ ನಕಾಶಿ ನೀವ್ ತಂದ್ರಿ, ನಾವ್ ಬಂದ್ ಕುಂತ್ವಿ. ಈ ಸಲ ನಕಾಶಿ ನಾವ ತಗದೀವಿ, ನೀವ್ ಬಂದ್ ನೋಡ್ರಿ. ಕಂಪನಿ ಬ್ಯಾಡ ಅನ್ನಂಗಿಲ್ಲ. ಮಡ್ಡಿ ಮ್ಯಾಲ ಕಟ್ಟಲಿ. ಕಣಾ ಮಾತ್ರ ಮುಟ್ಟಬ್ಯಾಡ್ರಿ.’

ಆಮೇಲೆ ಕೈ ಎದ್ದವು — ಆಸೆ ಇದ್ದವರ ಕೈಯೂ ಎದ್ದವು, ನೀಲವ್ವ. ಅಧ್ಯಕ್ಷರು ನನ್ನ ಕಡೆ ತಿರುಗಿ ‘ಬರ್ಕೊಳ್ರಿ’ ಅಂದರು. ‘ಬರ್ಕೋತೇನ್ರಿ’ ಅಂದೆ.

ಬರೆದುಕೊಳ್ಳಲಿಲ್ಲ. ನಮ್ಮಲ್ಲಿ ಆಗ ಒಂದು ರೂಢಿ ಇತ್ತು. ಸಭೆ ಮುಗಿದ ಮೇಲೆ ಯಾರೂ ನಿಲ್ಲುವುದಿಲ್ಲ. ದನಕ್ಕೆ ನೀರು ಕುಡಿಸಬೇಕು, ರೊಟ್ಟಿ ಬಡಿಯಬೇಕು. ಹೀಗಾಗಿ ಬಂದವರಿಂದ ಬಂದ ಹಾಗೇ ಸಹಿ ಹಾಕಿಸಿಕೊಳ್ಳುವುದು. ಮೊದಲ ಎರಡು ಪುಟ ಖಾಲಿ ಬಿಟ್ಟು, ಮೂರನೆಯ ಪುಟದಿಂದ ಸಹಿ, ಹೆಬ್ಬೆಟ್ಟು. ಸಭೆಯ ತೀರ್ಮಾನದ ಠರಾವನ್ನು ಮರುದಿನ ಸಮಾಧಾನದಿಂದ ಖಾಲಿ ಪುಟದಲ್ಲಿ ಬರೆಯುವುದು. ಇದರಲ್ಲಿ ಮೋಸವಿದೆ ಎಂದು ನಾನಾಗಲಿ, ಊರವರಾಗಲಿ ಅಂದುಕೊಂಡಿರಲಿಲ್ಲ. ಹಾಜರಿ ಕೊಟ್ಟೆವು ಎಂದು ನೀವು ತಿಳಿದಿದ್ದಿರಿ. ಅದು ಒಪ್ಪಿಗೆಯ ಸಹಿ ಎಂದು ಮೇಲಿನವರು ತಿಳಿಯುತ್ತಿದ್ದರು. ನಡುವೆ ನಾನಿದ್ದೆ, ನನಗೆ ಎರಡೂ ಗೊತ್ತಿತ್ತು.

ಅವತ್ತು ನೀನು ಜೀವನದಲ್ಲಿ ಮೊದಲ ಸಲ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದೆ. ಸಾಕ್ಷರತಾ ವರ್ಗದಲ್ಲಿ ನಾನು ನಿನಗೆ ಅಕ್ಷರ ತಿದ್ದಿಸಿದ್ದೆ. ‘ವ್ವ’ದ ಒತ್ತು ನಿನಗೆ ಹಿಡಿತಕ್ಕೆ ಬರುತ್ತಿರಲಿಲ್ಲ, ಜಾರಿ ಕೆಳಗಿನ ಗೆರೆಗೆ ಇಳಿದುಬಿಡುತ್ತಿತ್ತು. ಪುಸ್ತಕದಲ್ಲಿಯೂ ಹಾಗೇ ಆಯಿತು. ‘ಎರಡ ಗೆರಿ ಹಿಡೀತ್ರಿ ಸಾಹೇಬ್ರ’ ಎಂದು ನಾಚಿದೆ. ‘ಹಿಡೀಲಿ ಬಿಡವಾ, ನಿನ್ನ ಹೆಸರಲ್ಲಾ’ ಎಂದೆ. ಹಾಗೆ ಅಂದ ಬಾಯಿಯೂ ಇದೇ.

ಮರುದಿನ ಮೇಲಿನ ಕಚೇರಿಯಿಂದ ಫೋನು ಬಂತು. ಠರಾವು ಸಂಜೆಯೊಳಗೆ ಬೇಕು, ಎಲ್ಲ ಸರಿ ಇದೆ ತಾನೆ ಎಂದು ಕೇಳಿದರು. ಹೌದ್ರಿ ಅಂದೆ. ಇಷ್ಟೇ. ಬೆದರಿಸಲಿಲ್ಲ, ಆಮಿಷ ತೋರಿಸಲಿಲ್ಲ. ತೋರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಮಡ್ಡಿಯ ಮೇಲೆ ಅಂದರೆ ಕಂಪನಿಯವರು ಬೇಸತ್ತು ಮುದ್ದೇಬಿಹಾಳದ ಕಡೆಗೋ ಸಿಂದಗಿಯ ಕಡೆಗೋ ಹೋಗಿಬಿಡುತ್ತಾರೆ ಎಂಬ ಅಂಜಿಕೆ ನನಗಿತ್ತು. ನನ್ನ ಪಂಚಾಯ್ತಿಗೆ ಅಂಥದ್ದೊಂದು ಬರಬೇಕು, ನನ್ನ ಕಾಲದಲ್ಲೇ ಬರಬೇಕು. ಊರಿಗೆ ಯಾವುದು ಒಳ್ಳೆಯದು ಎಂದು ಊರಿಗಿಂತ ನನಗೇ ಹೆಚ್ಚು ಗೊತ್ತು ಎಂದುಕೊಂಡಿದ್ದೆ. ಇದರ ಕೆಳಗೆ ಇನ್ನೊಂದು ಇತ್ತು — ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತೇನೆ. ನಾನು ಅಕ್ಷರ ಕಲಿಸಿದ ಹೆಣ್ಣುಮಗಳು, ದೊಡ್ಡವರ ಎದುರಿಗೆ ನನ್ನನ್ನೂ ಮೀರಿಸಿ ಮಾತಾಡಿದಳಲ್ಲ ಎಂದು ನನಗೆ ಹೊಟ್ಟೆಯೊಳಗೆ ಉರಿದಿತ್ತು.

‘ಕಣದ ಜಾಗವನ್ನು ಸದರಿ ಯೋಜನೆಗೆ ಬಿಟ್ಟುಕೊಡಲು ಸಭೆಯು ಸರ್ವಾನುಮತದಿಂದ ಒಪ್ಪಿತು.’ ಒಂದು ಕಾಟೂ ಇಲ್ಲ, ಒಂದು ತಿದ್ದುಪಡಿಯೂ ಇಲ್ಲ. ಅಧ್ಯಕ್ಷರು ನಾನು ಬೆರಳಿಟ್ಟಲ್ಲಿ ಸಹಿ ಮಾಡಿದರು, ಯಾವಾಗಲೂ ಮಾಡುವ ಹಾಗೆ. ಅವರು ಓದಲಿಲ್ಲ ಎಂದು ಅವರನ್ನು ದೂರಲಾರೆ. ನನ್ನ ಅಕ್ಷರದ ಮೇಲೆ ಅವರಿಗೆ ನಂಬಿಕೆ ಇತ್ತು.

ದೀಪಾವಳಿಯ ಹೊತ್ತಿಗೆ ಕಣದ ಸುತ್ತ ಕಲ್ಲಿನ ಕಂಬ ನಿಂತವು, ತಂತಿ ಬಂತು. ನೀನು ಕಚೇರಿಗೆ ಬಂದೆ. ಬಾಗಿಲಲ್ಲೇ ನಿಂತು, ‘ನಾ ಹೇಳಿದ್ದು ಬರದೀರಿ ಇಲ್ರಿ, ಸಾಹೇಬ್ರ?’ ಎಂದು ಕೇಳಿದೆ.

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: ‘ಬರದೇನವಾ. ಆದ್ರ ನೀ ಆಡಿದ ಮಾತು ಮ್ಯಾಲಿನವರಿಗೆ ಮುಟ್ಟಲಿಲ್ಲ. ಇಂಥಾದ್ದೆಲ್ಲಾ ಹೇಳೂ ರೀತಿಲೆ ಹೇಳಬೇಕಾಗ್ತೈತಿ.’

ನೀನು ತಲೆ ತಗ್ಗಿಸಿದೆ. ‘ಖರೇ ಅದರಿ. ನನಗ ಮಾತಾಡಾಕ ಬರಂಗಿಲ್ಲ’ ಎಂದು ಹೊರಟುಹೋದೆ.

ನೆಲ ಹೋದದ್ದಕ್ಕಿಂತ ದೊಡ್ಡ ತಪ್ಪು ಇದು ಎಂದು ನನಗೆ ತಿಳಿಯಲು ವರ್ಷಗಳೇ ಹಿಡಿದವು. ಕಂಪನಿಯವರು ತಿರುಗಿ ಬರಲೇ ಇಲ್ಲ. ಹೊರದೇಶದಲ್ಲಿ ಕಂಪ್ಯೂಟರಿನ ವ್ಯವಹಾರ ಕುಸಿಯಿತು ಎಂದು ಪತ್ರಿಕೆಯಲ್ಲಿ ಓದಿದೆ. ಒಂದು ಇಟ್ಟಂಗಿಯೂ ಬೀಳಲಿಲ್ಲ. ಕಣ ಮಾತ್ರ ಸರ್ಕಾರದ ಒಂದು ಮಂಡಳಿಯ ಹೆಸರಿನಲ್ಲಿ ಉಳಿಯಿತು. ತಂತಿಯೊಳಗೆ ಜಾಲಿ ಬೆಳೆಯಿತು. ನೀವು ಡಾಂಬರು ರಸ್ತೆಯ ಮೇಲೆ ತೆನೆ ಹರವಿ ರಾಶಿ ಮಾಡತೊಡಗಿದಿರಿ. ಹೋದ ಸುಗ್ಗಿಯಲ್ಲಿ ಜೋಳ ಬಳಿದು ಕೂಡಿಸುತ್ತಿದ್ದಾಗ ಟೆಂಪೋ ತಾಗಿ ನಿನ್ನ ಮೊಣಕಾಲು ಮುರಿಯಿತು. ನಡುವೆ ಹೂವಿನ ಹಿಪ್ಪರಗಿಯ ಕಡೆಗೆ ವರ್ಗವಾಗಿ ಹೋಗಿದ್ದ ನಾನು ಆಗಷ್ಟೇ ಇಲ್ಲಿಗೆ ಮರಳಿ ಬಂದಿದ್ದೆ. ದವಾಖಾನೆಗೆ ಬಂದು ನಿನ್ನನ್ನು ನೋಡಿದೆ, ಬಾಳೆಹಣ್ಣು ಕೊಟ್ಟೆ. ನೀನು ‘ಸಾಹೇಬ್ರು ನೆನಪಿಟ್ಟು ಬಂದ್ರು’ ಎಂದು ಪಕ್ಕದ ಮಂಚದವರಿಗೆ ಹೇಳಿದೆ. ಹಣ್ಣು ಕೊಟ್ಟ ಕೈಯನ್ನು ಕಡಿದು ಹಾಕಬೇಕು ಅನಿಸಿತು. ಅನಿಸಿದ್ದು ಅಷ್ಟೇ, ಬಾಯಿ ಬಿಡಲಿಲ್ಲ.

ಅದಾದ ಮೇಲೆ ಹಳೆಯ ಸಭೆಯ ಪುಸ್ತಕಗಳನ್ನು ತೆಗೆದು ನೋಡಿದೆ. ಆ ಸಭೆಯ ನಂತರ ಒಂದರಲ್ಲಿಯೂ ನಿನ್ನ ಸಹಿ ಇಲ್ಲ. ಹೆಬ್ಬೆಟ್ಟು ಇದೆ. ಕಲಿತದ್ದನ್ನು ನೀನು ಬಿಟ್ಟುಕೊಟ್ಟಿದ್ದೆ.

ಈಗ ಆ ಜಾಗವನ್ನು ಬೇರೆ ಯಾರಿಗೋ ಗೋದಾಮು ಕಟ್ಟಲು ಕೊಡುತ್ತಾರಂತೆ. ತಕರಾರು ಇದ್ದವರು ಬಾಗೇವಾಡಿಯ ವಿಚಾರಣೆಗೆ ಬರಬೇಕೆಂದು ನೋಟೀಸು ಬಂದಿದೆ. ಹೋದ ಗುರುವಾರ ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿ, ಯಾರು ಮಾತಾಡಬೇಕು ಎಂದಾಗ ನಿಂಗಪ್ಪಜ್ಜ ನಿನ್ನ ಹೆಸರು ಹೇಳಿದ. ನಾನು ನೋಟೀಸು ಅಂಟಿಸುತ್ತ ಅಲ್ಲೇ ಗೋಡೆಯ ಹತ್ತಿರ ನಿಂತಿದ್ದೆ. ನೀನು ಅಂದೆ, ‘ನನ್ನ ಬಿಡ್ರಿ ಯಜ್ಜಾ. ನಾ ಮಾತಾಡಿದ್ದಕ್ಕ ಕಣಾ ಹೋತು. ಇನ್ನೊಮ್ಮಿ ಮಾತಾಡಿ ಇದ್ದದ್ದೂ ಕಳೀಲ್ಯಾ?’

ಎಂಟು ವರ್ಷ ಹಾಗೆ ನಂಬಿದ್ದೆಯಾ, ನೀಲವ್ವ? ನಿನ್ನ ಮಾತಿನಿಂದ ಹೋಯಿತು ಎಂದು?

ನಿನ್ನ ಮಾತು ಗೆದ್ದಿತ್ತು. ಅಷ್ಟು ಮಂದಿಯ ಕೈ ಎತ್ತಿಸಿತ್ತು. ಕಳೆದದ್ದು ನಾನು, ನಾನೊಬ್ಬನೇ. ಇದನ್ನು ಬಾಗೇವಾಡಿಯ ವಿಚಾರಣೆಯಲ್ಲಿಯೂ ಬರೆದುಕೊಡುತ್ತೇನೆ: ಸರ್ವಾನುಮತದ ಠರಾವು ಸುಳ್ಳು, ಬರೆದವನು ನಾನು, ಸಹಿಗಳು ಬರಹಕ್ಕಿಂತ ಮೊದಲಿನವು. ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿದೆ, ಸುಮ್ಮನಿರಿ ಎಂದು ಮನೆಯಲ್ಲಿ ಅತ್ತು ಕರೆದರು. ನೌಕರಿ ಹೋಗಬಹುದು, ಕೋರ್ಟು ಕಟ್ಟೆ ಹತ್ತಬೇಕಾಗಬಹುದು. ಹತ್ತುತ್ತೇನೆ. ಕಣ ತಿರುಗಿ ಸಿಗುತ್ತದೆ ಎಂದು ನಿನಗೆ ಮಾತು ಕೊಡಲಾರೆ. ಕ್ಷಮಿಸು ಎಂದೂ ಕೇಳುವುದಿಲ್ಲ — ಕೇಳಿದರೆ ನೀನು ‘ಇರಲಿ ಬಿಡ್ರಿ ಸಾಹೇಬ್ರ’ ಅಂದುಬಿಡುತ್ತೀ, ನನಗೆ ಗೊತ್ತು. ಅನ್ನಬೇಡ.

ಸೋಮವಾರ ಸಭೆಗೆ ಬಾ. ಕಾಲು ನೋಯುತ್ತಿದ್ದರೆ ಬಂಡಿ ಕಳಿಸುತ್ತೇನೆ. ಹಳೆಯ ಪುಸ್ತಕ ತರುತ್ತೇನೆ, ಎಲ್ಲರೂ ನೋಡಲಿ. ಹೊಸ ಪುಸ್ತಕದಲ್ಲಿ ಮೊದಲು ಠರಾವನ್ನು ಬರೆಯುತ್ತೇನೆ, ಎಲ್ಲರೂ ಕೂತಿರುವಾಗಲೇ. ಎತ್ತು, ದನ, ರೊಟ್ಟಿ ಎಲ್ಲ ಒಂದು ದಿನ ಕಾಯಲಿ. ಬರೆದದ್ದನ್ನು ನೀನು ಗಟ್ಟಿಯಾಗಿ ಓದಬೇಕು. ತಪ್ಪಿದ್ದರೆ ಅಲ್ಲೇ ತಿದ್ದಿಸು, ನನ್ನ ದುಂಡು ಅಕ್ಷರದ ಮೇಲೆ ಎಷ್ಟು ಕಾಟು ಬಿದ್ದರೂ ಚಿಂತೆಯಿಲ್ಲ.

ಓದಿದ ಮೇಲೆ ಸಹಿ. ಮೊದಲನೆಯದು ನಾನು ಹಾಕುತ್ತೇನೆ. ಅದರ ಕೆಳಗೆ ನಿನಗೆಂದು ಎರಡು ಗೆರೆಯ ಜಾಗ ಬಿಟ್ಟಿರುತ್ತೇನೆ, ಒತ್ತು ಇಳಿಯಲಿಕ್ಕೆ. ನೀನು ಬರಲಿಲ್ಲ ಎಂದರೆ ಅದು ಹಾಗೇ ಖಾಲಿ ಇರುತ್ತದೆ. ಅದನ್ನು ನಾನು ತುಂಬುವುದಿಲ್ಲ.