ಕೈಗಿಂತ ಮೊದಲು ಬರೆದ ಕಣ್ಣು

ನನಗೂ ನನ್ನ ಓರಗಿತ್ತಿಗೂ ಮೈಸೂರು ಶೈಲಿಯ ಚಿತ್ರ ಕಲಿಸಿದ್ದು ಒಬ್ಬರೇ ಮೇಷ್ಟ್ರು. ಚಾಮರಾಜಪೇಟೆಯ ನಮ್ಮ ಮನೆಯಿಂದ ಬಸವನಗುಡಿಯ ಅವರ ಮನೆಗೆ ಒಂದೇ ಆಟೋದಲ್ಲಿ ಹೋಗುತ್ತಿದ್ದೆವು. ಒಂದೇ ದಿನ ಲಕ್ಷ್ಮಿಯನ್ನು ಶುರುಮಾಡಿದೆವು. ಅವಳದು ಮೂರು ತಿಂಗಳಲ್ಲಿ ಮುಗಿಯಿತು. ನನ್ನದು ಮೂರು ವರ್ಷ ಹಳೇ ಸೀರೆ ಸುತ್ತಿಕೊಂಡು ಬೀರುವಿನ ಮೇಲೆ ಕೂತಿತ್ತು.

ಅವಳದು ಮುಗಿಯದೆ ಏನು! ಮಹಡಿಯ ಮೇಲೆ ಅವಳು, ನನ್ನ ಮೈದುನ, ಇಬ್ಬರೇ. ಕೆಳಗೆ ನನ್ನ ಪಾಲಿಗೆ ಅತ್ತೆ, ಅತ್ತೆಯ ಮಡಿ, ಶಾಲೆಯ ಪಾಠ, ತಿದ್ದಬೇಕಾದ ಉತ್ತರಪತ್ರಿಕೆ, ಬಂದವರಿಗೆಲ್ಲ ಕಾಫಿ. ಆ ಬಂದವರೋ, ನನ್ನ ಕೈಯ ಕಾಫಿ ಕುಡಿದು ಮೇಲೆ ಹೋಗಿ, ಅವಳ ಲಕ್ಷ್ಮಿಯನ್ನು ನೋಡಿ, "ಕಣ್ಣು ನೋಡ್ರೀ, ಮಾತಾಡೋ ಹಾಗಿದೆ" ಎಂದು ಹೊಗಳಿ ಇಳಿದು ಬರುತ್ತಿದ್ದರು. ನಾನು ಅವರ ಲೋಟ ತೊಳೆಯುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಹೋದ ವರ್ಷ ಒಂದು ಭಾನುವಾರ ಮನೆಯವರೆಲ್ಲ ಮಲ್ಲೇಶ್ವರಕ್ಕೆ ಮದುವೆಗೆ ಹೊರಟರು. ತಲೆನೋವು ಅಂತ ಸುಳ್ಳು ಹೇಳಿ ಉಳಿದೆ. ಚಿತ್ರಕ್ಕೆ ಸುತ್ತಿದ್ದ ಸೀರೆ ಬಿಚ್ಚಿದೆ. ಒಡವೆ, ಸೀರೆಯ ಅಂಚು, ಚಿನ್ನದ ರೇಕು ಎಲ್ಲ ಆಗಿತ್ತು. ಮುಖ ಮತ್ತು ನಾಲ್ಕು ಕೈ ಬಾಕಿ. ಮೇಷ್ಟ್ರು ಸಾರಿ ಸಾರಿ ಹೇಳಿದ್ದರು, ಕಣ್ಣು ಕೊನೆಗೆ ಅಂತ. ಕಣ್ಣು ಬರೆದರೆ ದೇವರು ಕಣ್ಣು ಬಿಟ್ಟ ಹಾಗೆ, ಆಮೇಲೆ ಕುಂಚ ಮುಟ್ಟಿಸಬಾರದು. ಗೊತ್ತಿತ್ತು. ಆದರೆ ಇದ್ದದ್ದು ನಾಲ್ಕೇ ಗಂಟೆ, ಕೈಯನ್ನು ಯಾರೂ ಹೊಗಳುವುದಿಲ್ಲ. ಮುಖಕ್ಕೆ ಬಣ್ಣ ಕೊಟ್ಟವಳೇ ಸಣ್ಣ ಕುಂಚ ಹಿಡಿದು ಕಣ್ಣು ಬರೆದೆ. ಅವಳದಕ್ಕಿಂತ ಚೆನ್ನಾಗಿ ಬರಬೇಕು ಅನ್ನುವುದೊಂದೇ ಜಪ. ಬಂತು, ದೇವರಾಣೆ ಬಂತು.

ಬಣ್ಣ ಆರುವ ಹೊತ್ತಿಗೆ ಅತ್ತೆ ತಾಂಬೂಲದ ಚೀಲದ ಸಮೇತ ಬಾಗಿಲಲ್ಲಿ ನಿಂತಿದ್ದರು. ಚಿತ್ರ ನೋಡಿದವರೇ ಕೈಮುಗಿದರು. ತಲೆನೋವಿನ ಮಾತೇ ಎತ್ತಲಿಲ್ಲ. ನನ್ನ ಗಂಡನ ಕೈಲಿ ಸೀದಾ ದೇವರಮನೆಗೆ ಎತ್ತಿಸಿ, ಹಲಗೆಯ ಅಂಚಿಗೆ ಕುಂಕುಮವಿಟ್ಟು ದೀಪ ಹಚ್ಚಿದರು.

"ಅತ್ತೆ, ಕೈ ಇನ್ನೂ ಬರ್ದಿಲ್ಲ..."

"ಕಣ್ಣು ಬಿಟ್ಟಾಯ್ತಲ್ಲಮ್ಮ, ಪೂಜೆನೂ ಆಯ್ತು. ಇನ್ನು ಬ್ರಷ್ಷು ಗಿಷ್ಷು ಮುಟ್ಟಿಸ್ಬೇಡ."

ಅಷ್ಟೇ. ನನ್ನ ಲಕ್ಷ್ಮಿ ಹಾಗೇ ಉಳಿದಳು, ಕೈ ಇರಬೇಕಾದಲ್ಲಿ ಬರೀ ಪೆನ್ಸಿಲ್ ಗೆರೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ.

ಸಂಜೆ ಓರಗಿತ್ತಿ ಇಳಿದು ಬಂದು ತುಂಬ ಹೊತ್ತು ನೋಡಿದಳು. ಅವಳ ಮುಖ ಸಣ್ಣಗಾಯಿತು.

"ಅಕ್ಕಾ, ಇದರ ಮುಂದೆ ನಂದರ ಕಣ್ಣು ಏನೂ ಅಲ್ಲ. ಈಗ ಸರಸ್ವತಿ ಮಾಡ್ತಿದೀನಿ. ಅದಕ್ಕೆ ಕಣ್ಣು ನೀವೇ ಬರ್ಕೊಡ್ತೀರಾ?"

ಈ ಮಾತಿಗಾಗಿ ಅಷ್ಟು ವರ್ಷ ಉರಿದಿದ್ದೆ. ಸಂತೋಷವಾಗಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಕೈ ಎಲ್ಲಾ ಮುಗ್ಸಿದೀಯಾ?"

"ಹೂಂ ಅಕ್ಕ, ನಾಲ್ಕೂ ಆಯ್ತು," ಅಂದಳು. ಮತ್ತೆ ಹೊಟ್ಟೆ ಉರಿಯಿತು.